ಪಟ್ಟಾಭಿಷೇಕದ ಅಡಿಯ ಒಂದೂವರೆ ಅಂಗುಲ

ಚಿತ್ರಕ್ಕೆ ಬೆಲೆ ಕಟ್ಟುವವರು ಮೊದಲು ಚಿತ್ರವನ್ನು ನೋಡುವುದಿಲ್ಲ. ಅದನ್ನು ಬೋರಲು ಹಾಕಿ ಬೆನ್ನು ನೋಡುತ್ತಾರೆ. ಇದು ನನಗೆ ಗೊತ್ತಾಗುವ ಹೊತ್ತಿಗೆ ಐವತ್ತು ದಾಟಿತ್ತು, ಅಷ್ಟರಲ್ಲಿ ಸಾವಿರಾರು ಚಿತ್ರಗಳ ಬೆನ್ನು ಕಿತ್ತು ಒಲೆಗೆ ಹಾಕಿದ್ದೆ.

ನನ್ನದು ದೊಡ್ಡಬಳ್ಳಾಪುರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಪ್ಪ ಶುರು ಮಾಡಿದ್ದು, ನಾನು ಮುಂದುವರಿಸಿದ್ದು. ಪಕ್ಕದ ಎರಡು ಮನೆಗಳಲ್ಲೂ ಮಗ್ಗಗಳಿವೆ. ಅವುಗಳ ಅದುರಿಗೆ ನನ್ನ ಗೋಡೆಯ ಮೇಲಿನ ದೇವರುಗಳೆಲ್ಲ ದಿನಕ್ಕಿಷ್ಟು ವಾಲುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವರನ್ನು ನೆಟ್ಟಗೆ ನಿಲ್ಲಿಸುವುದು ನನ್ನ ಮೊದಲ ಕೆಲಸ. ಊರಲ್ಲಿ ಒಂದು ಮದುವೆಯಾಗಬೇಕು, ಇಲ್ಲ ಗೃಹಪ್ರವೇಶವಾಗಬೇಕು, ಇಲ್ಲ ಯಾರಾದರೂ ತೀರಿಕೊಳ್ಳಬೇಕು. ಆಗ ನನಗೆ ಕೆಲಸ ಬರುತ್ತದೆ. ಸತ್ತವರ ಫೋಟೋ ತಂದವರು ಚೌಕಾಸಿ ಮಾಡುವುದಿಲ್ಲ, ಮದುವೆಯವರು ಜೀವ ತಿನ್ನುತ್ತಾರೆ.

ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಮುತ್ತ ವಿಲ್ಲಾಗಳು ಎದ್ದವು. ಅವುಗಳ ಗೋಡೆ ಎತ್ತರ, ಖಾಲಿ. ಖಾಲಿ ಗೋಡೆ ಕಂಡರೆ ದುಡ್ಡಿದ್ದವರಿಗೆ ಅದೇನೋ ಮುಜುಗರವಾಗುತ್ತದೆ. ಹಾಗಾಗಿ ಬೆಂಗಳೂರಿನಿಂದ ಚಿತ್ರಗಳು ಬರತೊಡಗಿದವು. ಅವುಗಳ ಜೊತೆಗೇ ಆ ಹೆಂಗಸೂ ನನ್ನ ಅಂಗಡಿಗೆ ಬಂದರು. ಹಳೆಯ ಚಿತ್ರಗಳನ್ನು ಕೊಂಡು ಮಾರುವ ವ್ಯಾಪಾರ ಅವರದು, ನಗರದಲ್ಲಿ ಒಂದು ಗ್ಯಾಲರಿ ಇಟ್ಟಿದ್ದಾರೆ. ನಾನು ಅವರನ್ನು ಗ್ಯಾಲರಿಯಮ್ಮ ಎಂದೇ ಕರೆಯುವುದು. ನಗರದವರು ಕೇಳುವ ಅರ್ಧಕ್ಕೆ ನಾನು ಕಟ್ಟು ಹಾಕಿಕೊಡುತ್ತೇನೆಂದು ಯಾರೋ ಹೇಳಿದ್ದರಂತೆ.

ಅವರಿಂದ ನಾನು ಕಲಿತದ್ದು ಬಹಳ. ಒಂದು ದಿನ ಅವರ ಎರಡು ಚಿತ್ರಗಳು ನನ್ನ ಮೇಜಿನ ಮೇಲಿದ್ದವು. ಒಂದರಲ್ಲಿ ಕೊಳಲೂದುವ ಕೃಷ್ಣ, ಕಣ್ಣಿಗೆ ಹಬ್ಬ. ಇನ್ನೊಂದು ಮಾಸಲು, ಮೂಲೆಯಲ್ಲಿ ಗೆದ್ದಲು ತಿಂದಿತ್ತು. ಬೆಲೆ ಬಾಳುವುದು ಯಾವುದು ಹೇಳಿ ಎಂದು ನಗುತ್ತಾ ಕೇಳಿದರು. ನಾನು ಕೃಷ್ಣನನ್ನು ತೋರಿಸಿದೆ. ಆ ಗೆದ್ದಲು ತಿಂದದ್ದನ್ನು ಮಾರಿದರೆ ಇಂಥ ಕೃಷ್ಣಂದಿರು ನೂರು ಜನ ಬರುತ್ತಾರೆ ಎಂದರು.

"ಅದು ಹೆಂಗೆ ಮೇಡಂ?" ಎಂದೆ. ನನಗೆ ಸಿಟ್ಟೇ ಬಂದಿತ್ತು.

"ಯಾರು ಬರೆದಿದ್ದು ಅನ್ನೋದು ಮೊದಲನೇ ಪ್ರಶ್ನೆ. ಅವರೇ ಬರೆದಿದ್ದು ಅನ್ನೋದಕ್ಕೆ ಏನು ಗುರುತು ಅನ್ನೋದು ಎರಡನೇದು. ಬರೆದ ದಿನದಿಂದ ಇವತ್ತಿನವರೆಗೆ ಯಾರ ಯಾರ ಮನೇಲಿತ್ತು ಅನ್ನೋದು ಮೂರನೇದು. ಚೆನ್ನಾಗಿದೆಯಾ ಅನ್ನೋದು ಆಮೇಲೆ."

ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಕ್ಕಪಕ್ಕದ ಎರಡು ಹೊಲ, ಮಣ್ಣು ಒಂದೇ, ರಾಗಿ ಒಂದೇ ಥರ ಬೆಳೆಯುತ್ತದೆ. ಒಂದಕ್ಕೆ ಮೂಲಪತ್ರ ಸರಿಯಾಗಿದೆ, ಇನ್ನೊಂದರ ಪಹಣಿಯಲ್ಲಿ ಎರಡು ಹೆಸರಿದೆ. ಎರಡನೆಯದನ್ನು ಯಾರೂ ಮೂಸಿಯೂ ನೋಡುವುದಿಲ್ಲ. "ಹಂಗಾದ್ರೆ ನೀವು ಕೇಳೋದು ಮದರ್ ಡೀಡು ಅನ್ನಿ," ಎಂದೆ. ಅವರು ತುಂಬಾ ನಕ್ಕರು. ಅವತ್ತಿನಿಂದ ನನ್ನನ್ನು ಬರೀ ಕಟ್ಟಿನವನಂತೆ ನೋಡುವುದು ಬಿಟ್ಟರು.

ಆಮೇಲೆ ಬಂದಾಗೆಲ್ಲ ಒಂದೊಂದು ಹೇಳುತ್ತಿದ್ದರು. ಬರೆದವನು ಸತ್ತರೆ ಬೆಲೆ ಏರುತ್ತದೆ, ಇನ್ನು ಹೊಸದು ಬರುವುದಿಲ್ಲವಲ್ಲ. ಉಗ್ರ ದೇವರುಗಳನ್ನು ಮನೆಯ ಹಜಾರದಲ್ಲಿ ಹಾಕಲು ಜನ ಹೆದರುತ್ತಾರೆ, ಆದ್ದರಿಂದ ನರಸಿಂಹನಿಗಿಂತ ಕೃಷ್ಣ ಬೇಗ ಹೋಗುತ್ತಾನೆ. ಹರಾಜಿನಲ್ಲಿ ಇಬ್ಬರು ಹಠಮಾರಿಗಳು ಒಂದೇ ಚಿತ್ರದ ಮೇಲೆ ಕಣ್ಣಿಟ್ಟರೆ ಆಕಾಶವೇ ಮಿತಿ, ಅವರಲ್ಲಿ ಒಬ್ಬನಿಗೆ ಆ ದಿನ ಜ್ವರ ಬಂದರೆ ಅದೇ ಚಿತ್ರ ಮೂಲೆಗೆ. ಇದೆಲ್ಲ ಕೇಳುವಾಗ ನನಗೆ ಕೆಲವೊಮ್ಮೆ ಇದು ಹುಚ್ಚರ ಸಂತೆ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಅವರು ಹೇಳುತ್ತಿದ್ದ ಮಾತು ಮಾತ್ರ ಒಂದೇ. ಹಳೆಯ ಚಿತ್ರವನ್ನು ಮುಟ್ಟಬಾರದು. ತೊಳೆಯಬಾರದು, ಬಣ್ಣ ತುಂಬಬಾರದು, ಅಂಚು ಕತ್ತರಿಸಬಾರದು. ಈ ಕೊನೆಯ ಮಾತು ಬಂದಾಗ ನಾನು ಗಾಜು ಒರೆಸಲು ಶುರುಮಾಡುತ್ತಿದ್ದೆ.

ನನ್ನ ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಹೊಸಕೋಟೆಯ ಪಿಲ್ಲಗುಂಪೆಯಲ್ಲಿ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಭಾವ ಬೇಗ ಹೋದರು, ಮಕ್ಕಳಿಲ್ಲ. ಕಾರ್ಖಾನೆಯ ಸುತ್ತಲೇ ಏಳು ಬಾಡಿಗೆ ಮನೆ ಬದಲಿಸಿದ್ದಾಳೆ. ಏಳು ಮನೆಯ ಮಾಲೀಕರೂ ಹೇಳಿದ್ದು ಒಂದೇ: ಗೋಡೆಗೆ ಮೊಳೆ ಹೊಡೀಬೇಡಮ್ಮ. ಹಾಗಾಗಿ ಮದುವೆಯಲ್ಲಿ ಅಮ್ಮ ಅವಳಿಗೆ ಕೊಟ್ಟ ಪಟ್ಟಾಭಿಷೇಕದ ಚಿತ್ರ ಇಷ್ಟು ವರ್ಷವೂ ಒಂದು ಟ್ರಂಕಿನ ಮೇಲೆ, ಗೋಡೆಗೆ ಒರಗಿಕೊಂಡೇ ಇತ್ತು. ಶ್ರೀರಾಮನಿಗೆ ಅಯೋಧ್ಯೆ ಸಿಕ್ಕಿತ್ತು, ಒಂದು ಮೊಳೆ ಸಿಕ್ಕಿರಲಿಲ್ಲ.

ಎರಡು ವರ್ಷದ ಹಿಂದೆ ಏಳನೆಯ ಮನೆಯವರೂ ಖಾಲಿ ಮಾಡಿ ಅಂದರು. ಅಕ್ಕ ಫೋನು ಮಾಡಿ ಕೇಳಿದಳು.

"ನಿನ್ನ ಗ್ಯಾಲರಿಯಮ್ಮ ಹಳೇ ಪಟ ತಗೊಳ್ತಾರೆ ಅಂತಿದ್ಯಲ್ಲ. ನಮ್ಮ ಪಟಕ್ಕೆ ಏನಾದ್ರೂ ಬರುತ್ತೇನೋ?"

"ಅದನ್ನ ಮಾರ್ತೀಯಾ?"

"ನಮ್ಮೂರು ಮಧುರೆ ಹತ್ರ ಸಣ್ಣದೊಂದು ಶೀಟಿನ ಮನೆ ಮಾರಾಟಕ್ಕಿದೆ ಕಣೋ. ಕೈಲಿರೋದು ಅರ್ಧಕ್ಕೆ ಸಾಕು. ಯಾರನ್ನೂ ಕೇಳದೆ ಮೊಳೆ ಹೊಡೆಯೋ ಅಂಥ ಒಂದು ಗೋಡೆ ಬೇಕು ನಂಗೆ. ಸಾಯೋದ್ರೊಳಗೆ."

"ಪಟ ಮಾರಿದ್ಮೇಲೆ ಆ ಮೊಳೆಗೆ ಏನು ಹಾಕ್ತೀಯಾ?"

"ಕ್ಯಾಲೆಂಡರ್ ಹಾಕ್ತೀನಿ, ಬಿಡು," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಯಾಕೆಂದು ಹೇಳಬೇಕಾದರೆ ಅವಳ ಮದುವೆಯ ಹಿಂದಿನ ದಿನಕ್ಕೆ ಹೋಗಬೇಕು.

ಆ ಚಿತ್ರ ನಮ್ಮ ಮಧುರೆಯ ಮನೆಯದು. ಚಿತ್ರ ಬರೆಯುವ ಒಬ್ಬಾತ ಮುತ್ತಜ್ಜನ ಕಾಲದಲ್ಲಿ ದಾರಿಯಲ್ಲಿ ಜ್ವರ ಬಂದು ನಮ್ಮ ಜಗಲಿಯಲ್ಲಿ ಮಲಗಿದನಂತೆ. ತಿಂಗಳು ಕಾಲ ಗಂಜಿ ಕೊಟ್ಟು ನೋಡಿಕೊಂಡರಂತೆ. ಹುಷಾರಾದ ಮೇಲೆ ಅಲ್ಲೇ ಕೂತು ಈ ಪಟ್ಟಾಭಿಷೇಕ ಬರೆದುಕೊಟ್ಟು ಹೋದನಂತೆ. ಬಟ್ಟೆಗೆ ಅಂಟಿಸಿದ ದಪ್ಪ ಕಾಗದ, ಉಬ್ಬಿಸಿದ ಒಡವೆಗಳ ಮೇಲೆ ಚಿನ್ನದ ರೇಕು. ಹನುಮಂತನ ಒಂದೊಂದು ಉಗುರೂ ಕಾಣುತ್ತದೆ. ಅಡಿಯಲ್ಲಿ, ಪೀಠದ ಕೆಳಗೆ, ಒಂದು ಸಾಲು ಸಣ್ಣ ಅಕ್ಷರ ಇತ್ತು.

ನನಗಾಗ ಇಪ್ಪತ್ತೆರಡು. ಅಪ್ಪ ತೀರಿಕೊಂಡು ಅಂಗಡಿ ನನ್ನ ಕೈಗೆ ಬಂದು ಒಂದು ವರ್ಷವಾಗಿತ್ತು, ಭೂಮಿ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಹಳೆಯ ಕಟ್ಟು ಹುಳ ಹಿಡಿದಿತ್ತು, ಗಾಜು ಮಂಕಾಗಿತ್ತು. ಅಮ್ಮ ಚಿತ್ರವನ್ನು ಅಕ್ಕನ ಜೊತೆ ಕಳಿಸುವುದೆಂದು ನಿಶ್ಚಯಿಸಿದಾಗ, ಹೊಸ ಕಟ್ಟು ಹಾಕಿ ಕೊಡುತ್ತೇನೆ, ನೋಡಿದವರು ಬೆರಗಾಗಬೇಕು ಅಂದೆ. ಅಂಗಡಿಯಲ್ಲಿ ಒಳ್ಳೆಯ ಬೆಲ್ಜಿಯಂ ಗಾಜು ಒಂದೇ ಒಂದಿತ್ತು. ಚಿತ್ರ ಅದಕ್ಕಿಂತ ಒಂದೂವರೆ ಅಂಗುಲ ಉದ್ದ. ದೊಡ್ಡ ಗಾಜಿಗೆ ಬೆಂಗಳೂರಿಗೆ ಹೋಗಬೇಕು, ಮಾರನೆಯ ದಿನ ಧಾರೆ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ದೇವರ ಪಟ ಗಾಜಿಗೆ ಹೊಂದದಿದ್ದರೆ ಕಿರೀಟ ಕತ್ತರಿಸಬಾರದು, ಪಾದ ಕತ್ತರಿಸಬಾರದು. ಅಕ್ಷರ ಕತ್ತರಿಸಬಹುದು. ಕ್ಯಾಲೆಂಡರಿನ ಅಂಗಡಿ ಹೆಸರು, ಅಚ್ಚಿನ ಕಂಪನಿ ಹೆಸರು ಎಲ್ಲ ಹೀಗೆಯೇ ಹೋಗುತ್ತವೆ. ಅಪ್ಪ ಹಾಗೇ ಹೇಳಿಕೊಟ್ಟಿದ್ದು, ನಾನು ಹಾಗೇ ಮಾಡಿದ್ದು. ಅಡಿಪಟ್ಟಿ ಇಟ್ಟು, ಹೊಸ ಬ್ಲೇಡು ಹಾಕಿ, ರಾಮನ ಪಾದಪೀಠಕ್ಕೆ ಕೂದಲೆಳೆಯಷ್ಟೂ ತಾಗದಂತೆ ಒಂದೇ ಎಳೆತಕ್ಕೆ ಆ ಸಾಲನ್ನು ತೆಗೆದೆ. ಆ ಕೈಚಳಕ ನೆನೆದು ನನಗೆ ನಾನೇ ಭೇಷ್ ಅಂದುಕೊಂಡದ್ದೂ ನೆನಪಿದೆ. ಕತ್ತರಿಸಿದ ಪಟ್ಟಿ ಮರದ ಹೊಟ್ಟಿನ ಜೊತೆ ಗುಡಿಸಿಹೋಯಿತು. ಸಂಜೆ ಮನೆಯಲ್ಲಿ ಹೊದಿಕೆ ತೆಗೆದು ತೋರಿಸಿದಾಗ ಅಮ್ಮ ದೃಷ್ಟಿ ತೆಗೆದಳು. ಚಿತ್ರಕ್ಕಲ್ಲ, ನನಗೆ.

ಆ ಫೋನಿನ ಮುಂದಿನ ವಾರ ಅಕ್ಕ ಚಿತ್ರವನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಅಂಗಡಿಗೆ ತಂದಳು. ಗ್ಯಾಲರಿಯಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಕಟ್ಟು ಬಿಚ್ಚಿಸಿದರು. ಬೆನ್ನು ನೋಡಿದರು. ತಿರುಗಿಸಿ ಬಹಳ ಹೊತ್ತು ಮುಖ ನೋಡಿದರು. ಅವರ ಉಸಿರು ಬದಲಾದದ್ದು ನನಗೆ ಗೊತ್ತಾಯಿತು.

"ಈ ಕೈ ನಾನು ಇನ್ನೆರಡು ಕಡೆ ನೋಡಿದೀನಿ ಅನ್ಸುತ್ತೆ," ಎಂದರು ಮೆಲ್ಲಗೆ. "ಆ ಎರಡರಲ್ಲೂ ಪೀಠದ ಕೆಳಗೆ ಹೆಸರಿದೆ." ಆಮೇಲೆ ಬೆರಳನ್ನು ಕೆಳಗಿನ ಅಂಚಿನ ಮೇಲೆ ಆಡಿಸಿದರು. "ಇಲ್ಲಿ ಕತ್ತರಿಸಿದಾರೆ. ಮೂರು ಕಡೆ ಅಂಚು ಹಳೇದು, ಇದೊಂದು ಚೂಪಾಗಿದೆ. ಯಾರು ಮಾಡಿದ್ದು ಇದನ್ನ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಾನು ಮೇಜಿನ ಮೇಲಿದ್ದ ಬ್ಲೇಡನ್ನು ಪಕ್ಕಕ್ಕೆ ಸರಿಸಿದೆ.

"ಯಾರೋ. ಹಳೇ ಕಾಲದಲ್ಲಿ," ಎಂದೆ.

ಅಕ್ಕ ನನ್ನ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು.

"ಆ ಸಾಲು ಇದ್ದಿದ್ರೆ ಮಾತೇ ಬೇರೆ," ಎಂದರು ಗ್ಯಾಲರಿಯಮ್ಮ. "ಅಮ್ಮ, ನೀವು ಹೇಳೋ ಮನೆ ಆರಾಮಾಗಿ ಬರೋದು. ಈಗಿರೋ ಹಂಗೆ ಅಂದ್ರೆ ಆ ಮನೆ ಬಾಗಿಲಿಗೆ ಆಗುತ್ತೆ. ಹಳೇ ಹಲಗೆ, ಚೀಟಿ, ಕಾಗದ, ಏನಾದ್ರೂ ಹೆಸರಿರೋದು ಸಿಕ್ರೆ ಹೇಳಿ."

ಅದೇ ಹನುಮಂತನ ಉಗುರು, ಅದೇ ಚಿನ್ನ, ಅದೇ ಸೀತೆಯ ತಗ್ಗಿದ ಕಣ್ಣು. ಒಂದು ಚುಕ್ಕೆಯೂ ಕಡಿಮೆಯಾಗಿರಲಿಲ್ಲ. ಚಿತ್ರದ ಒಳಗೆ ಇಲ್ಲದ ಒಂದು ಸಾಲಿಗೆ ಚಿತ್ರಕ್ಕಿಂತ ಹೆಚ್ಚು ಬೆಲೆ. ಇದು ಅನ್ಯಾಯ ಎಂದು ನಾನು ಎರಡು ದಿನ ಮನಸ್ಸಿನಲ್ಲೇ ಎಲ್ಲರನ್ನೂ ಬೈದೆ, ಗ್ಯಾಲರಿಯಮ್ಮನನ್ನು, ವಿಲ್ಲಾದವರನ್ನು, ಹರಾಜಿನವರನ್ನು. ಬೈಯುವುದಕ್ಕೆ ಬೇರೆಯವರು ಸಿಕ್ಕಷ್ಟು ದಿನ ನೆಮ್ಮದಿಯಾಗಿಯೇ ಇದ್ದೆ.

ಮೂರನೆಯ ದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಅಂಗಡಿಗೆ ಬಂದು ಅರ್ಧ ಬಾಗಿಲು ಎಳೆದುಕೊಂಡೆ. ಅಟ್ಟದ ಮೇಲೆ ಹಳೆಯ ಕಟ್ಟುಗಳಿಂದ ಕಿತ್ತಿಟ್ಟ ಹಲಗೆಗಳಲ್ಲಿ ಒಲೆಗೆ ಹೋಗದೆ ಉಳಿದವು ಕೆಲವಿದ್ದವು. ನಿಜವಾಗಿಯೂ ಹಳೆಯವು, ತುಕ್ಕು ಹಿಡಿದ ಮೊಳೆಗಳ ಸಮೇತ. ಹಳೆಯ ಕಾಗದಕ್ಕೂ ಕೊರತೆಯಿಲ್ಲ. ಚಿತ್ರದ ಅಳತೆಯ ಹಲಗೆ ಆರಿಸಿದೆ, ಅದರ ಬೆನ್ನಿಗೆ ಅಂಟಿಸಲು ಕಾಗದದ ಚೀಟಿ ಕತ್ತರಿಸಿದೆ, ಕಾಫಿ ಡಿಕಾಕ್ಷನ್ನಿಗೆ ಶಾಯಿ ಬೆರೆಸಿದೆ. ನನ್ನ ಕೈ ಇವತ್ತಿಗೂ ನಡುಗುವುದಿಲ್ಲ. ಮಾಡಿದ್ದರೆ ಗ್ಯಾಲರಿಯಮ್ಮನ ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡುವುದು ತಪ್ಪು ಎಂದು ನನಗೆ ಆಗ ಅನ್ನಿಸಲೂ ಇಲ್ಲ. ಇದ್ದ ಹೆಸರನ್ನೇ ತಾನೆ ಮತ್ತೆ ಬರೆಯುವುದು, ಕಿತ್ತುಕೊಂಡವನು ನಾನೇ, ವಾಪಸು ಕೊಡುವವನೂ ನಾನೇ ಎಂದುಕೊಂಡೆ.

ಪೆನ್ನು ಅದ್ದಿ ಕಾಗದಕ್ಕೆ ತಂದೆ. ಏನು ಬರೆಯುವುದು?

ಹುಟ್ಟಿದಾಗಿನಿಂದ ಇಪ್ಪತ್ತೆರಡು ವರ್ಷ ಆ ಚಿತ್ರದ ಕೆಳಗೆ ಬೆಳೆದಿದ್ದೆ. ಕತ್ತರಿಸುವಾಗ ಆ ಸಾಲಿಗೂ ನನ್ನ ಕಣ್ಣಿಗೂ ಒಂದು ಗೇಣು. ಅದರ ಅಗಲ ಎಷ್ಟಿತ್ತು ಎಂದು ಈಗಲೂ ಹೇಳಬಲ್ಲೆ. ಏನು ಬರೆದಿತ್ತು ಎಂದು ಓದಿರಲಿಲ್ಲ. ಒಂದು ಸಲವೂ ಓದಿರಲಿಲ್ಲ. ಪೆನ್ನಿನಿಂದ ಶಾಯಿ ತೊಟ್ಟಿಕ್ಕಿ ಚೀಟಿ ಹಾಳಾಯಿತು. ನನಗೆ ಅಳು ಬಂತು ಎಂದು ಹೇಳಲು ನಾಚಿಕೆಯೇನಿಲ್ಲ.

ಮಾರನೆಯ ದಿನವೇ ದೇವನಹಳ್ಳಿಯ ಮೇಲೆ ಬಸ್ಸು ಬದಲಿಸಿ ಹೊಸಕೋಟೆಗೆ ಹೋದೆ. ಅಕ್ಕ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಕೂರುವ ಮೊದಲೇ ಹೇಳಿಬಿಟ್ಟೆ.

"ಅಕ್ಕ, ಅದನ್ನ ಕತ್ತರಿಸಿದ್ದು ನಾನು."

ಅವಳ ಕೈ ನಿಲ್ಲಲಿಲ್ಲ. "ಗೊತ್ತು ಕಣೋ."

"ಯಾವಾಗಿಂದ?"

"ಅವತ್ತು ಸಾಯಂಕಾಲದಿಂದಾನೇ. ನೀನು ದುಪ್ಪಟಿ ತೆಗೆದು ತೋರಿಸಿದ್ಯಲ್ಲ, ನಾನು ಮೊದಲು ನೋಡಿದ್ದೇ ಅಲ್ಲಿ. ಅಕ್ಷರ ಇರ್ಲಿಲ್ಲ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀನು ಅಷ್ಟು ಖುಷಿಯಾಗಿದ್ದೆ, ಏನಂತ ಹೇಳ್ಲಿ? ಮಾರನೇ ದಿನ ಅಳೋಕೆ ಬೇರೆ ಕಾರಣ ಇತ್ತಲ್ಲ. ಅದರ ಜೊತೆಗೆ ಇದಕ್ಕೂ ಅತ್ತೆ." ಇನ್ನೊಂದು ಕಾಯಿ ಬಿಡಿಸುತ್ತಾ ಅಂದಳು: "ಆದ್ರೆ ಮೊನ್ನೆ ಆಯಮ್ಮ ಕೇಳಿದಾಗ 'ಯಾರೋ' ಅಂದ್ಯಲ್ಲ. ಅದು ನಂಗೆ ಸರಿ ಕಾಣ್ಲಿಲ್ಲ."

ನಾನು ನೆಲ ನೋಡುತ್ತಾ ಚೀಟಿಯ ವಿಷಯ, ಪೆನ್ನಿನ ವಿಷಯ ಎಲ್ಲ ಹೇಳಿದೆ. ಅದರಲ್ಲಿ ಏನು ಬರೆದಿತ್ತೋ ನನಗೆ ಗೊತ್ತಿಲ್ಲ ಎಂದೆ.

ಅಕ್ಕ ಕೈ ಒರೆಸಿಕೊಂಡು, ಮಗ್ಗಿ ಒಪ್ಪಿಸುವ ಹಾಗೆ ಹೇಳತೊಡಗಿದಳು. ಅವನ ಹೆಸರು, ಅವನ ತಂದೆಯ ಹೆಸರು, ಊರು, ಸಂವತ್ಸರ, ಮಾಸ, ಕೊನೆಗೆ "ಮಧುರೆಯ ಅನ್ನದಾತರಿಗೆ" ಎಂದು. ಶುಕ್ರವಾರ ಶುಕ್ರವಾರ ಗಾಜು ಒರೆಸುವ ಕೆಲಸ ಅವಳದಾಗಿತ್ತು. ಶಾಲೆಗೆ ಸೇರಿದ ಹೊಸದರಲ್ಲಿ ಒಂದೊಂದು ವಾರಕ್ಕೆ ಒಂದೊಂದು ಅಕ್ಷರ ಬಿಡಿಸಿಕೊಂಡು, ಆ ಸಾಲಿನಲ್ಲೇ ಓದಲು ಕಲಿತಿದ್ದಳಂತೆ. ಅವಳು ಹೇಳಿದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನನ್ನ ಮಾತು ಹಿಡಿದುಕೊಂಡು ಯಾರಾದರೂ ಇನ್ನೊಂದು ಚೀಟಿ ತಯಾರಿಸಿಯಾರು. ಆ ವಿದ್ಯೆ ಎಷ್ಟು ಸುಲಭ ಎಂದು ನನಗೆ ಗೊತ್ತಲ್ಲ.

ಅವಳು ಹೇಳಿದ ಹಾಗೆ ಒಂದು ಬಿಳಿ ಹಾಳೆಯ ಮೇಲೆ ಎಲ್ಲ ಬರೆದೆ. ಚಿತ್ರ ಯಾರ ಮನೆಯದು, ಅಡಿಯಲ್ಲಿ ಏನಿತ್ತು, ಯಾರು ಓದಿದ್ದರು, ಯಾರು ಯಾವ ಗಾಜಿಗಾಗಿ ಕತ್ತರಿಸಿದರು. ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ. ಆ ವಾರವೇ ಗ್ಯಾಲರಿಯಮ್ಮನ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು. ನನ್ನ ಮೇಲೆ ರೇಗಲಿಲ್ಲ.

"ನಾನು ಅಂದ್ಕೊಂಡಿದ್ದ ಹೆಸರೇ ಇದು. ನಾನು ನಿಮಗೆ ಹೇಳಿರ್ಲಿಲ್ಲ, ಆದ್ರೂ ನಿಮ್ಮಕ್ಕ ಹೇಳಿದಾರೆ. ನಾನು ನಂಬ್ತೀನಿ. ಕೊಳ್ಳೋರು ನಂಬಲ್ಲ. ಮಾರೋರ ಬಾಯಿಂದ ಬಂದ ಹೆಸರು ತಾನೇ, ಅಂತಾರೆ."

ಕೊನೆಗೆ ಬಾಗಿಲಿಗಾಗುವ ಬೆಲೆಗಿಂತ ಎಷ್ಟೋ ಹೆಚ್ಚು ಕೊಡಲು ಒಪ್ಪಿದರು. ಮನೆಗೆ ಸಾಲದು, ಆದರೆ ಮೂರು ನಾಲ್ಕು ವರ್ಷ ಬಾಡಿಗೆಯ ಚಿಂತೆ ಇರುವುದಿಲ್ಲ. ಅಕ್ಕ ಸರಿ ಅಂದಳು. ಒಪ್ಪಿದ ದಿನ ಮತ್ತೆ ಚಿತ್ರ ಹೊತ್ತು ಬಂದಳು. ಗ್ಯಾಲರಿಯಮ್ಮ ಒಂದು ಇಂಗ್ಲಿಷ್ ಫಾರಂ ತೆಗೆದು, ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದರು. ಚಿತ್ರದ ವಿಷಯ, ಅಳತೆ, ಮಾಲೀಕರು. ಕಲಾವಿದ: ಗೊತ್ತಿಲ್ಲ.

"ಗೊತ್ತಿಲ್ಲ ಅಂತ ಯಾಕೆ ಬರೆದ್ರಿ?" ಎಂದಳು ಅಕ್ಕ. "ನಂಗೆ ಗೊತ್ತಲ್ಲ."

"ಅದು ನಮ್ಮ ಪದ್ಧತಿ ಅಮ್ಮ. ಗುರುತಿಲ್ಲ ಅಂದ್ರೆ ಹಂಗೇ ಬರೀಬೇಕು. ನಾನು ಹೆಸರು ಬರೆದ್ರೆ ನನ್ನ ಮಾತಿಗೆ ಬೆಲೆ ಇರಲ್ಲ."

"ನಿಮ್ಮ ಪದ್ಧತಿ ನೀವು ಮಾಡಿ, ತಪ್ಪಲ್ಲ. ಆದ್ರೆ ಅದರ ಕೆಳಗೆ ಸೈನ್ ಹಾಕೋಳು ನಾನು. ಗೊತ್ತಿಲ್ಲ ಅಂತ ಸೈನ್ ಹಾಕಿಬಿಟ್ರೆ ನಾಳೆ ಅವನ ಹೆಸರು ಹೇಳೋಕೆ ನಂಗೆ ಬಾಯಿರಲ್ಲ."

ನಾನು ರೇಗಿದೆ. ಯಾವನೋ ಸತ್ತು ನೂರು ವರ್ಷವಾದವನಿಗಾಗಿ ಕೈಗೆ ಬಂದದ್ದನ್ನು ಬಿಡುವುದು ಯಾವ ಬುದ್ಧಿವಂತಿಕೆ ಎಂದೆ. ಗ್ಯಾಲರಿಯಮ್ಮನೂ ಸಮಾಧಾನ ಹೇಳಿದರು. ಅಕ್ಕ ಇಬ್ಬರ ಮಾತನ್ನೂ ಕೇಳಿದಳು. ಆಮೇಲೆ ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟು, ದುಪ್ಪಟಿ ಬಿಡಿಸಿದಳು.

ಬಸ್ ನಿಲ್ದಾಣದವರೆಗೆ ಚಿತ್ರ ನಾನು ಹೊತ್ತೆ. ಬೆಂಚಿನ ಮೇಲೆ ಕೂತೆವು. ನನಗೆ ತಡೆಯಲಾಗಲಿಲ್ಲ.

"ಸೈನ್ ಹಾಕಿದ್ರೆ ಅಷ್ಟಾದ್ರೂ ಬರ್ತಿತ್ತು ಕಣಕ್ಕ."

"ಬರ್ತಿತ್ತು. ಮನೆ ಬರ್ತಿರ್ಲಿಲ್ಲ." ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ಮನೆ ಹೋಗಿದ್ದು ನನ್ನ ಮದುವೆ ಹಿಂದಿನ ದಿನ. ನೀನು ಬ್ಲೇಡು ತಗೊಂಡಾಗ."

ದನಿ ಏರಿಸಲಿಲ್ಲ, ಅಳಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ನನಗೆ ಆಡಿದ ಕಟುವಾದ ಮಾತು ಅದೊಂದೇ. ಅವಳು ಒಮ್ಮೆ ಬೈದುಬಿಟ್ಟರೆ ಮನಸ್ಸು ಹಗುರವಾದೀತು ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಹಗುರವಾಗಲಿಲ್ಲ.

ಬಸ್ಸು ಬಂತು. ನಾನೇ ಮೊದಲು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದೆ. ಅವಳು ಕೂತ ಮೇಲೆ ಚಿತ್ರವನ್ನು ಅವಳ ತೊಡೆಯ ಮೇಲಿಟ್ಟೆ. ಇನ್ನೂ ಏನೋ ಹೇಳಬೇಕೆಂದು ಅಲ್ಲೇ ನಿಂತಿದ್ದೆ.

"ಇಳಿಯೋ, ಹೊರಡ್ತಾ ಇದೆ," ಎಂದಳು.